ಅಲ್ಲಾಡಿದ ವಿಡಿಯೊವನ್ನು ಆಮೇಲೆ ಸರಿಪಡಿಸಬಹುದೇ?

"ಕೈ ಅಲ್ಲಾಡಿದ್ರೆ ಅಲ್ಲಾಡ್ಲಿ ಬಿಡು, ಆಮೇಲೆ ಆಪ್‌ನಲ್ಲಿ ಸರಿ ಮಾಡ್ಕೊಂಡ್ರಾಯ್ತು." ಹಬ್ಬದಲ್ಲಿ, ಮದುವೆ ಮನೆಯಲ್ಲಿ, ಬೆಟ್ಟ ಹತ್ತುವಾಗ ಫೋನ್ ಹಿಡಿದವರ ಬಾಯಲ್ಲಿ ಈ ಮಾತು ಆಗಾಗ ಕೇಳುತ್ತದೆ. ಇದು ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ಉಳಿದರ್ಧ ಗೊತ್ತಿಲ್ಲದ ಕಾರಣಕ್ಕೆ ನಾನು ಒಂದು ವಿಡಿಯೊ ಹಾಳು ಮಾಡಿಕೊಂಡಿದ್ದೇನೆ. ಅದನ್ನು ಮತ್ತೆ ತೆಗೆಯುವಂತಿಲ್ಲ.

ಮಾಗಡಿ ತಾಲ್ಲೂಕಿನಲ್ಲಿ ನಮ್ಮ ಅಜ್ಜಿಯ ಊರು. ಅಲ್ಲಿನ ಹಬ್ಬದಲ್ಲಿ ಪೂಜಾ ಕುಣಿತ ಇರುತ್ತದೆ. ಬಿದಿರಿನ ಚೌಕಟ್ಟಿಗೆ ಬಣ್ಣದ ಬಟ್ಟೆ, ದೇವಿಯ ಮುಖ ಕಟ್ಟಿ, ಅದನ್ನು ತಲೆಯ ಮೇಲೆ ಹೊತ್ತು ತಮಟೆಯ ಗತ್ತಿಗೆ ಕುಣಿಯುತ್ತಾರೆ. ಸಂಬಂಧದಲ್ಲಿ ನನಗೆ ತಾತನಾಗಬೇಕಾದ ಒಬ್ಬರು ವರ್ಷಗಟ್ಟಲೆ ಪೂಜೆ ಹೊತ್ತವರು. ಮಂಡಿನೋವು ಜಾಸ್ತಿಯಾಗಿ "ಇದೇ ಕೊನೆ" ಎಂದು ಹೇಳಿಯೇ ಆ ಸಲ ಹೊತ್ತರು. ರಾತ್ರಿ ಎಂಟು ದಾಟಿತ್ತು, ಬೀದಿದೀಪದ ಬೆಳಕು. ನಾನು ಅವರ ಎದುರಿಗೆ ಹಿಂದಹಿಂದಕ್ಕೆ ನಡೆಯುತ್ತ ಹತ್ತು ನಿಮಿಷ ಚಿತ್ರಿಸಿದೆ. ಮರುದಿನ ಲ್ಯಾಪ್‌ಟಾಪಿನಲ್ಲಿ ಹಾಕಿ 'ಸ್ಟೆಬಿಲೈಸ್' ಎಂಬ ಗುಂಡಿ ಒತ್ತಿದೆ. ತೆರೆಯ ಮೇಲೆ ಬಂದದ್ದನ್ನು ನೋಡಿ ಮೊದಲು ನಗು ಬಂತು. ತಾತ ನಿಂತಲ್ಲೇ ನಿಂತಿದ್ದರು, ಅವರ ಹಿಂದಿನ ಮನೆ, ಕಂಬ, ಬೀದಿ ಕುಣಿಯುತ್ತಿದ್ದವು. ಆಮೇಲೆ ನಗು ನಿಂತಿತು. ಪ್ರತಿ ಹೆಜ್ಜೆಗೂ ಅವರ ಮುಖ ನೀರಿನಲ್ಲಿ ಕಲಸಿದ ಬಣ್ಣದಂತೆ ಹರಡಿಕೊಂಡಿತ್ತು. ಅದನ್ನು ಯಾವ ಆಪ್‌ನಿಂದಲೂ ಸರಿಪಡಿಸಲು ಆಗಲಿಲ್ಲ.

ಬೀದಿ ಕುಣಿದದ್ದೇಕೆ, ಮುಖ ಕಲಸಿಹೋದದ್ದೇಕೆ? ಇವು ಎರಡು ಬೇರೆ ಬೇರೆ ತೊಂದರೆಗಳು. ಮೊದಲನೆಯದಕ್ಕೆ ಆಮೇಲೂ ದಾರಿಯುಂಟು. ಎರಡನೆಯದಕ್ಕೆ ಇಲ್ಲ.

ಅಲ್ಲಿದ್ದಾಗ ಗೊತ್ತಾಗುವುದಿಲ್ಲವೇಕೆ?

ಒಂದು ಚಿಕ್ಕ ಪ್ರಯೋಗ ಮಾಡಿ. ಈ ಲೇಖನ ಓದುತ್ತಿರುವ ಫೋನನ್ನು ಅಲ್ಲಾಡಿಸದೆ ಹಿಡಿದು, ತಲೆಯನ್ನು 'ಬೇಡ' ಎನ್ನುವ ಹಾಗೆ ಬೇಗಬೇಗ ಆಡಿಸುತ್ತ ಓದಿ. ಓದಲು ಆಗುತ್ತದೆ. ಈಗ ತಲೆ ಅಲ್ಲಾಡಿಸದೆ ಫೋನನ್ನು ಅದೇ ವೇಗದಲ್ಲಿ ಆಡಿಸಿ. ಅಕ್ಷರಗಳು ಕಲಸಿಹೋಗುತ್ತವೆ.

ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವರ್ತುಲ ನಾಳಗಳಿವೆ. ತಲೆ ತಿರುಗಿದೊಡನೆ ಅವು ಸುಳಿವು ಕೊಡುತ್ತವೆ. ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತಿನೊಳಗೆ ಕಣ್ಣುಗುಡ್ಡೆಗಳು ಅಷ್ಟೇ ಪ್ರಮಾಣದಲ್ಲಿ ಎದುರು ದಿಕ್ಕಿಗೆ ತಿರುಗುತ್ತವೆ. ಇದು ನಮ್ಮ ಇಚ್ಛೆಯಿಂದ ನಡೆಯುವುದಲ್ಲ. ನಾವು ನಡೆಯುವಾಗ ಮೈ ಹೆಜ್ಜೆಹೆಜ್ಜೆಗೂ ನಾಲ್ಕೈದು ಸೆಂಟಿಮೀಟರ್ ಏರಿಳಿಯುತ್ತದೆ, ಆದರೂ ಎದುರಿನ ರಸ್ತೆ ಕುಣಿದಂತೆ ಕಾಣುವುದಿಲ್ಲ. ಆ ಹೊತ್ತಿನಲ್ಲಿ ಕೈಯಲ್ಲಿರುವ ಫೋನು ಮಾತ್ರ ಏರಿಳಿತವನ್ನೆಲ್ಲ ಹಾಗೇ ದಾಖಲಿಸುತ್ತಿರುತ್ತದೆ. ಚಿತ್ರಿಸುವಾಗ ಚೆನ್ನಾಗಿದೆ ಎನಿಸಿದ ವಿಡಿಯೊ ಮನೆಗೆ ಬಂದು ನೋಡಿದಾಗ ತಲೆ ಸುತ್ತಿಸುವುದು ಇದರಿಂದಲೇ. ನೋಡುವಾಗ ಕಣ್ಣು 'ಅಲ್ಲಾಡುತ್ತಿದೆ' ಎನ್ನುತ್ತದೆ, ಒಳಗಿವಿ 'ಇಲ್ಲ, ಕೂತಿದ್ದೇವೆ' ಎನ್ನುತ್ತದೆ. ಬಸ್ಸಿನಲ್ಲಿ ಓದಿದರೆ ಹೊಟ್ಟೆ ತೊಳಸುವುದಕ್ಕೂ ಇಂಥ ತಕರಾರೇ ಕಾರಣ.

ಕೋಳಿಗಳಿಗೆ ಈ ಕೆಲಸ ನಮಗಿಂತ ಚೆನ್ನಾಗಿ ಗೊತ್ತು. ನಾಟಿ ಕೋಳಿಯನ್ನು ಎರಡೂ ಕೈಯಲ್ಲಿ ಮೆತ್ತಗೆ ಹಿಡಿದು ಮೈಯನ್ನು ಅತ್ತಿತ್ತ ಸರಿಸಿ ನೋಡಿ, ತಲೆ ಗಾಳಿಯಲ್ಲಿ ಮೊಳೆ ಹೊಡೆದಂತೆ ಒಂದೇ ಕಡೆ ನಿಂತಿರುತ್ತದೆ. ಕೋಳಿಗೆ ಕಣ್ಣುಗುಡ್ಡೆ ತಿರುಗಿಸುವ ಶಕ್ತಿ ಕಡಿಮೆ, ಅದನ್ನು ಕುತ್ತಿಗೆಯಿಂದ ತುಂಬಿಕೊಳ್ಳುತ್ತದೆ.

ಎರಡು ಬಗೆಯ ಅಲುಗಾಟ

ವಿಡಿಯೊ ಎಂದರೆ ಒಂದರ ಹಿಂದೆ ಒಂದು ಓಡುವ ಸ್ಥಿರಚಿತ್ರಗಳು. ಸಾಮಾನ್ಯವಾಗಿ ಸೆಕೆಂಡಿಗೆ 30. ಒಂದೊಂದು ಚಿತ್ರಕ್ಕೆ ಫ್ರೇಮ್ ಎನ್ನುತ್ತಾರೆ. ಒಂದು ಫ್ರೇಮಿಗೂ ಮುಂದಿನ ಫ್ರೇಮಿಗೂ ನಡುವೆ ಕ್ಯಾಮೆರಾ ಸ್ವಲ್ಪ ಸರಿದಿದ್ದರೆ ಅದು ಮೊದಲ ಬಗೆಯ ಅಲುಗಾಟ. ಎರಡೂ ಚಿತ್ರಗಳು ಸ್ಪಷ್ಟವಾಗಿಯೇ ಇರುತ್ತವೆ, ಇರುವ ಜಾಗ ಮಾತ್ರ ಬೇರೆ. ಎರಡನೆಯದನ್ನು ಸರಿಸಿ ಮೊದಲನೆಯದರ ಮೇಲೆ ಕೂರಿಸಿದರೆ ಅಲುಗಾಟ ಹೋಯಿತು. ಇದನ್ನು ಸಾಫ್ಟ್‌ವೇರ್ ಸಲೀಸಾಗಿ ಮಾಡುತ್ತದೆ.

ಎರಡನೆಯದು ಒಂದೇ ಫ್ರೇಮಿನ ಒಳಗಿನ ಅಲುಗಾಟ. ಪ್ರತಿ ಫ್ರೇಮಿಗೂ ಕ್ಯಾಮೆರಾ ಒಂದಿಷ್ಟು ಹೊತ್ತು ಬೆಳಕು ತುಂಬಿಕೊಳ್ಳುತ್ತದೆ, ಆ ಅವಧಿಗೆ ಶಟರ್ ವೇಗ ಎಂದು ಹೆಸರು. ಬಿಸಿಲಿನಲ್ಲಿ ಸೆಕೆಂಡಿನ ಐನೂರನೇ ಒಂದು ಭಾಗ ಸಾಕು. ರಾತ್ರಿ ಬೀದಿದೀಪದಲ್ಲಿ ಫೋನು ತಾನಾಗಿಯೇ ಅದನ್ನು ಸೆಕೆಂಡಿನ ಮೂವತ್ತನೇ ಒಂದು ಭಾಗದವರೆಗೂ ಎಳೆಯುತ್ತದೆ. ಲೆಕ್ಕ ಹಾಕೋಣ. ಫೋನಿನ ಮುಖ್ಯ ಕ್ಯಾಮೆರಾ ಅಡ್ಡಕ್ಕೆ ಸುಮಾರು 70 ಡಿಗ್ರಿ ನೋಟ ಹಿಡಿಯುತ್ತದೆ. 1920 ಪಿಕ್ಸೆಲ್ ಅಗಲದ ವಿಡಿಯೊದಲ್ಲಿ ಒಂದು ಡಿಗ್ರಿ ಎಂದರೆ ಸುಮಾರು 27 ಪಿಕ್ಸೆಲ್. ನಡೆಯುವಾಗ ಕೈ ಸೆಕೆಂಡಿಗೆ ಹತ್ತು ಡಿಗ್ರಿ ವೇಗದಲ್ಲಿ ವಾಲಿತು ಎಂದಿಟ್ಟುಕೊಳ್ಳಿ. ಬಿಸಿಲಿನ ಫ್ರೇಮಿನಲ್ಲಿ ಚಿತ್ರ ಅರ್ಧ ಪಿಕ್ಸೆಲ್ ಎಳೆಯುತ್ತದೆ, ಕಣ್ಣಿಗೆ ಕಾಣದು. ರಾತ್ರಿಯ ಫ್ರೇಮಿನಲ್ಲಿ ಒಂಬತ್ತು ಪಿಕ್ಸೆಲ್. ದೂರದಿಂದ ತೆಗೆದ ಮುಖದಲ್ಲಿ ಕಣ್ಣು, ಹುಬ್ಬು, ಮೀಸೆ ಒಂದರೊಳಗೊಂದು ಸೇರಿಹೋಗಲು ಅಷ್ಟು ಸಾಕು.

ಫ್ರೇಮುಗಳನ್ನು ಎಷ್ಟೇ ಚೆನ್ನಾಗಿ ಜೋಡಿಸಿದರೂ ಫ್ರೇಮಿನೊಳಗೆ ಕಲಸಿದ್ದು ಕಲಸಿದ್ದೇ. ಸಾಲದ್ದಕ್ಕೆ ಜೋಡಿಸಿದ ಮೇಲೆ ಅದು ಎದ್ದು ಕಾಣುತ್ತದೆ. ಚಿತ್ರ ಅಲ್ಲಾಡುವಾಗ ಮುಖ ಮಸುಕಾದರೆ ಕಣ್ಣು ಸಹಿಸಿಕೊಳ್ಳುತ್ತದೆ, ಚಿತ್ರ ನಿಂತಿದ್ದು ಮುಖ ಮಾತ್ರ ಆಗಾಗ ಮಸುಕಾದರೆ ಏನೋ ಎಡವಟ್ಟು ಎನಿಸುತ್ತದೆ. ಈಚೆಗೆ ಬಂದಿರುವ ಕೃತಕ ಬುದ್ಧಿಮತ್ತೆಯ ಆಪ್‌ಗಳು ಮಸುಕನ್ನು ತೆಗೆದು ಮುಖ ಸ್ಪಷ್ಟ ಮಾಡಿಕೊಡುತ್ತವೆ ನಿಜ. ಅವು ಕೊಡುವುದು ಊಹಿಸಿ ಬರೆದ ಮುಖ. ತಾತನ ಮುಖದ ಬದಲು ತಾತನಂಥ ಇನ್ಯಾರದೋ ಮುಖ ನನಗೆ ಬೇಕಿರಲಿಲ್ಲ.

ಬೀದಿ ಕುಣಿದದ್ದು ಹೀಗೆ

ಫೋನಿನೊಳಗೆ ಅಲುಗಾಟ ತಡೆಯುವ ಏರ್ಪಾಡು ಎರಡಿವೆ. ಓಐಎಸ್ ಎಂಬುದರಲ್ಲಿ ಮಸೂರವೋ ಸೆನ್ಸರೋ ಪುಟ್ಟ ಅಯಸ್ಕಾಂತ, ಸುರುಳಿಗಳ ನಡುವೆ ತೇಲಿಕೊಂಡಿರುತ್ತದೆ. ಗೈರೋಸ್ಕೋಪ್ ಎಂಬ ಸೂಕ್ಷ್ಮ ಸಾಧನ ಫೋನ್ ಎತ್ತ ವಾಲಿತು ಎಂದು ತಿಳಿಸಿದ ಕೂಡಲೇ ಮಸೂರ ಎದುರು ದಿಕ್ಕಿಗೆ ಕೂದಲೆಳೆಯಷ್ಟು ಸರಿಯುತ್ತದೆ. ಕಣ್ಣು ಮತ್ತು ಒಳಗಿವಿಯ ಜೋಡಿಯಂತೆಯೇ ಇದು. ಬೆಳಕು ತುಂಬಿಕೊಳ್ಳುವ ಹೊತ್ತಿನಲ್ಲೇ ಕೆಲಸ ಮಾಡುವುದರಿಂದ ಫ್ರೇಮಿನೊಳಗಿನ ಅಲುಗಾಟವನ್ನೂ ಸ್ವಲ್ಪ ತಡೆಯಬಲ್ಲದು. ಆದರೆ ಅದರ ಹರವು ಒಂದೆರಡು ಡಿಗ್ರಿಯ ಒಳಗೆ. ಕೈ ನಡುಕಕ್ಕೆ ಸಾಕು, ಓಡುವ ಕಾಲಿಗೆ ಸಾಲದು.

ಇಐಎಸ್ ಎಂಬುದರಲ್ಲಿ ಏನೂ ಚಲಿಸುವುದಿಲ್ಲ. ಚಿತ್ರದ ಅಂಚನ್ನು ಸುತ್ತಲೂ ಕತ್ತರಿಸಿ, ಉಳಿದ ಕಿಟಕಿಯನ್ನು ಅಲುಗಾಟಕ್ಕೆ ಎದುರಾಗಿ ಸರಿಸುತ್ತಾರೆ. ಸ್ಟೆಬಿಲೈಸೇಷನ್ ಹಾಕಿದ ತಕ್ಷಣ ನೋಟ ಕಿರಿದಾಗುವುದು ಇದಕ್ಕೇ. ಪೂಜೆಯ ತುದಿಯೋ ಕುಣಿಯುವ ಪಾದವೋ ಅಂಚಿನಲ್ಲಿದ್ದರೆ ಅದು ಕತ್ತರಿಗೆ ಹೋಗುತ್ತದೆ.

ಲ್ಯಾಪ್‌ಟಾಪಿನ ಸಾಫ್ಟ್‌ವೇರಿಗೆ ಎಷ್ಟೋ ಸಲ ಗೈರೋಸ್ಕೋಪಿನ ಮಾಹಿತಿ ಸಿಗುವುದಿಲ್ಲ. ಅದು ಚಿತ್ರವನ್ನೇ ನೋಡಿ ಕ್ಯಾಮೆರಾ ಎತ್ತ ಸರಿಯಿತು ಎಂದು ಲೆಕ್ಕ ಹಾಕಬೇಕು. ಚಿತ್ರದ ಹೆಚ್ಚು ಭಾಗ ಎತ್ತ ಸರಿಯಿತೋ ಅದೇ ಕ್ಯಾಮೆರಾದ ಚಲನೆ ಎಂಬುದು ಅದರ ನಂಬಿಕೆ. ನಾನು ತಾತನಿಗೆ ತೀರ ಹತ್ತಿರ ಇದ್ದೆ, ಪೂಜೆಯ ಬಣ್ಣದ ಬಟ್ಟೆ ಫ್ರೇಮಿನ ಮುಕ್ಕಾಲು ತುಂಬಿಕೊಂಡಿತ್ತು. ಸಾಫ್ಟ್‌ವೇರ್ ಪೂಜೆಯನ್ನೇ ನಿಂತ ನೆಲ ಎಂದುಕೊಂಡು ಅದನ್ನು ಅಲ್ಲಾಡದಂತೆ ಹಿಡಿದಿಟ್ಟಿತು, ಉಳಿದ ಊರನ್ನು ಕುಣಿಸಿತು. ಎರಡು ಹೆಜ್ಜೆ ಹಿಂದೆ ನಿಂತು ಮನೆಯ ಗೋಡೆ, ಚಪ್ಪರ ಕಾಣುವಂತೆ ಹಿಡಿದಿದ್ದರೆ ಅದಕ್ಕೆ ಆಧಾರ ಸಿಗುತ್ತಿತ್ತು.

ರಣಹದ್ದು ಮತ್ತು ಜೂಮ್

ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ವನ್ಯಧಾಮ. ಉದ್ದ ಕೊಕ್ಕಿನ ರಣಹದ್ದುಗಳು ಅಲ್ಲಿನ ಬಂಡೆಯ ಕೊರಕಲುಗಳಲ್ಲಿ ಗೂಡು ಮಾಡುತ್ತವೆ. ಹತ್ತಿರ ಹೋಗುವಂತಿಲ್ಲ, ಹೋಗಲೂಬಾರದು. ಹಾಗಾಗಿ ಎಲ್ಲರೂ ಜೂಮ್ ಒತ್ತುತ್ತಾರೆ, ಬಂದ ವಿಡಿಯೊದಲ್ಲಿ ಒಂದು ಕಪ್ಪು ಚುಕ್ಕೆ ಹುಚ್ಚೆದ್ದು ಕುಣಿಯುತ್ತಿರುತ್ತದೆ.

ಹತ್ತು ಪಟ್ಟು ಜೂಮ್ ಮಾಡಿದರೆ 70 ಡಿಗ್ರಿಯ ನೋಟ ಸುಮಾರು 8 ಡಿಗ್ರಿಗೆ ಇಳಿಯುತ್ತದೆ. ಆಗ ಒಂದು ಡಿಗ್ರಿ ಎಂದರೆ 27 ಪಿಕ್ಸೆಲ್ ಅಲ್ಲ, 240. ಆರೋಗ್ಯವಂತರ ಕೈಯೂ ಸೆಕೆಂಡಿಗೆ 8ರಿಂದ 12 ಸಲ ಸಣ್ಣಗೆ ನಡುಗುತ್ತಲೇ ಇರುತ್ತದೆ. ಅದು ಕಾಯಿಲೆಯಲ್ಲ, ಹೆದರಬೇಡಿ. ಕಾಲು ಡಿಗ್ರಿಯಷ್ಟು ವಾಲಿದರೂ ಚುಕ್ಕೆ 60 ಪಿಕ್ಸೆಲ್ ಹಾರುತ್ತದೆ. 'ದುಬಾರಿ ಫೋನ್ ಆದರೆ ಅಲ್ಲಾಡಲ್ಲ' ಎಂಬ ನಂಬಿಕೆ ಇಲ್ಲಿ ಬಿದ್ದುಹೋಗುತ್ತದೆ. ಮೊಣಕೈಗಳನ್ನು ಬಂಡೆಗೆ ಊರಿ, ಕಡಿಮೆ ಜೂಮಿನಲ್ಲಿ ತೆಗೆದು ಆಮೇಲೆ ಕತ್ತರಿಸಿಕೊಂಡ ಸಾಧಾರಣ ಫೋನಿನ ವಿಡಿಯೊ, ನಿಂತು ಕೈಚಾಚಿ ತೆಗೆದ ದುಬಾರಿ ಫೋನಿನ ವಿಡಿಯೊಗಿಂತ ಎಷ್ಟೋ ಸಲ ಚೆನ್ನಾಗಿರುತ್ತದೆ.

ಶೋಲೆಯ ಕಾಲ, ಗಿಂಬಲ್ ಕಾಲ

ಇದೇ ಬೆಟ್ಟದ ಬುಡದಲ್ಲಿ 'ಶೋಲೆ'ಯ ರಾಮ್‌ಗಢ ತಲೆಯೆತ್ತಿತ್ತು. ಚಿತ್ರೀಕರಣ ಶುರುವಾದದ್ದು 1973ರಲ್ಲಿ, ಚಿತ್ರ ತೆರೆಕಂಡದ್ದು 1975ರ ಆಗಸ್ಟ್ 15ರಂದು. ಛಾಯಾಗ್ರಾಹಕ ದ್ವಾರ್ಕಾ ದಿವೇಚಾ. ಆ ಕಾಲದಲ್ಲಿ ಕ್ಯಾಮೆರಾ ಅಲ್ಲಾಡದೆ ಸಾಗಬೇಕಾದರೆ ನೆಲಕ್ಕೆ ಹಳಿ ಹಾಸಿ ಟ್ರಾಲಿ ತಳ್ಳಬೇಕು, ಇಲ್ಲವೇ ಕ್ರೇನ್ ತರಬೇಕು. ನಡೆಯುತ್ತ ಚಿತ್ರಿಸಿದರೂ ಅಲ್ಲಾಡದ ಸ್ಟೆಡಿಕ್ಯಾಮ್ ಎಂಬ ಸಾಧನವನ್ನು ಅಮೆರಿಕದ ಗ್ಯಾರೆಟ್ ಬ್ರೌನ್ ರೂಪಿಸಿದ್ದು ಅದೇ ವರ್ಷಗಳಲ್ಲಿ. ಅದು ಮೊದಲು ಬಳಕೆಯಾದ ಸಿನಿಮಾ 1976ರ 'ಬೌಂಡ್ ಫಾರ್ ಗ್ಲೋರಿ'. ಶೋಲೆಯ ಬಂಡೆಗಳಿಗೆ ಅದು ತಡವಾಗಿ ಹುಟ್ಟಿತು.

ಸ್ಟೆಡಿಕ್ಯಾಮಿನಲ್ಲಿ ಮೋಟಾರ್ ಇರಲಿಲ್ಲ. ಒಂದು ಕಂಬದ ಮೇಲ್ತುದಿಯಲ್ಲಿ ಕ್ಯಾಮೆರಾ, ಕೆಳತುದಿಯಲ್ಲಿ ಬ್ಯಾಟರಿ ಮತ್ತು ತೆರೆ. ಕಂಬವನ್ನು ತೂಕದ ನಡುವಿನ ಹತ್ತಿರ, ಎಲ್ಲ ಕಡೆಗೂ ತಿರುಗುವ ಕೀಲಿನಲ್ಲಿ ಹಿಡಿಯುತ್ತಾರೆ. ಅದನ್ನು ಹೊರುವುದು ಸ್ಪ್ರಿಂಗಿನ ತೋಳು. ಒನಕೆಯನ್ನು ನಡುವೆ ಹಿಡಿದು ತಿರುಗಿಸಿ ನೋಡಿ, ಪೆನ್ಸಿಲಿನಷ್ಟು ಸುಲಭವಾಗಿ ತಿರುಗುವುದಿಲ್ಲ. ತೂಕ ನಡುವಿನಿಂದ ದೂರ ಹರಡಿದಷ್ಟೂ ವಸ್ತು ತಿರುಗಲು ಸೋಮಾರಿಯಾಗುತ್ತದೆ. ತಾತನ ತಲೆಯ ಮೇಲಿನ ಅಗಲವಾದ ಪೂಜೆ ತಟಕ್ಕನೆ ವಾಲಿಬೀಳದಿರಲು ಇದೂ ಒಂದು ಕಾರಣ, ಉಳಿದದ್ದು ಅವರ ಕುತ್ತಿಗೆಯ ಅನುಭವ. ಫೋನಿನ ತೊಂದರೆ ಎಂದರೆ ಅದು ತೀರ ಹಗುರ. ಮಡಚಿದ ಚಿಕ್ಕ ಟ್ರೈಪಾಡಿಗೆ ಫೋನ್ ಸಿಕ್ಕಿಸಿ, ಕಾಲುಗಳು ಕೆಳಗೆ ಇಳಿಬಿದ್ದಿರುವಂತೆ ಮೇಲ್ಭಾಗದಲ್ಲಿ ಹಿಡಿದು ನಡೆದರೆ ಅಷ್ಟರಿಂದಲೇ ವ್ಯತ್ಯಾಸ ಗೊತ್ತಾಗುತ್ತದೆ.

ಈಗಿನ ಗಿಂಬಲ್‌ನಲ್ಲಿ ಮೂರು ಮೋಟಾರುಗಳು ಫೋನಿನ ವಾಲುವಿಕೆಯನ್ನು ಸರಿಪಡಿಸುತ್ತವೆ. ಅಂಗಡಿಯವರು ಹೇಳದ ವಿಷಯ ಒಂದಿದೆ. ಮೋಟಾರುಗಳು ತಿರುಗುವಿಕೆಯನ್ನು ತಡೆಯುತ್ತವೆಯೇ ಹೊರತು ಹೆಜ್ಜೆಯ ಏರಿಳಿತವನ್ನಲ್ಲ. ದೂರದ ಬೆಟ್ಟ ತೆಗೆಯುವಾಗ ಆ ಏರಿಳಿತ ಕಾಣುವುದಿಲ್ಲ, ಒಂದು ಮಾರು ದೂರದ ಮುಖ ತೆಗೆಯುವಾಗ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೆ ಮಂಡಿ ಸ್ವಲ್ಪ ಬಗ್ಗಿಸಿ, ಹಿಮ್ಮಡಿಯಿಂದ ಬೆರಳಿಗೆ ಪಾದ ಉರುಳಿಸುತ್ತ ನಡೆಯಬೇಕು. ತುಂಬಿದ ಕೊಡ ಹೊತ್ತವರ ನಡಿಗೆಯನ್ನು ನೆನೆಸಿಕೊಳ್ಳಿ.

ಹಾಗಾದರೆ ಏನು ಮಾಡಬೇಕು?

ಮೊದಲು ಬೆಳಕು. ಎಲ್ಲ ಸಲಹೆಗಳಲ್ಲೂ ಇದನ್ನು ಕೊನೆಗೆ ಹೇಳುತ್ತಾರೆ, ನನ್ನ ಪ್ರಕಾರ ಇದೇ ಮೊದಲು ಬರಬೇಕು. ಮಸುಕಾಗದ ಫ್ರೇಮು ಸಿಕ್ಕರೆ ಉಳಿದ ಅಲುಗಾಟಕ್ಕೆ ಮದ್ದಿದೆ. ರಾತ್ರಿಯ ಉತ್ಸವ ತೆಗೆಯುವವರು ಮೆರವಣಿಗೆಯ ಹಿಂದೆ ಓಡುವ ಬದಲು, ಅದು ಹಾದುಬರುವ ದಾರಿಯಲ್ಲಿ ಒಳ್ಳೆಯ ದೀಪ ಎಲ್ಲಿದೆ ನೋಡಿ ಅಲ್ಲಿ ಮೊದಲೇ ಹೋಗಿ ನಿಲ್ಲಬೇಕು. ಶಟರ್ ವೇಗ ಬದಲಿಸಲು ಬರುವ ಆಪ್ ಇದ್ದರೆ ರಾತ್ರಿ 1/50 ಅಥವಾ 1/100 ಇಡಿ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಟ್ಯೂಬ್‌ಲೈಟು ಮತ್ತು ಕೆಲವು ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಈ ಎರಡು ವೇಗಗಳಲ್ಲಿ ಚಿತ್ರದ ಮೇಲೆ ಪಟ್ಟೆ ಓಡುವುದಿಲ್ಲ. ಚಿತ್ರ ಸ್ವಲ್ಪ ಕಪ್ಪಗೆ ಬಂದರೂ ಮುಖ ಉಳಿಯುತ್ತದೆ.

ಆಮೇಲೆ ಮೈ. ಎರಡೂ ಕೈಯಲ್ಲಿ ಹಿಡಿದು ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳಿ. ಬೆನ್ನನ್ನು ಗೋಡೆಗೋ ಕಂಬಕ್ಕೋ ಆನಿಸಿ. ಕೊರಳಿಗೆ ಹಾಕುವ ದಾರ ಫೋನಿಗಿದ್ದರೆ ದಾರ ಬಿಗಿಯಾಗುವವರೆಗೆ ಫೋನನ್ನು ಮುಂದಕ್ಕೆ ಚಾಚಿ, ಎರಡು ಕೈಯ ಜೊತೆಗೆ ಕೊರಳು ಮೂರನೇ ಊರುಗೋಲಾಗುತ್ತದೆ. 'ಉಸಿರು ಬಿಗಿ ಹಿಡಿಯಿರಿ' ಎಂಬ ಸಲಹೆ ಕೆಲವು ಸೆಕೆಂಡಿನ ಚಿತ್ರಕ್ಕೆ ಸರಿ. ಹೆಚ್ಚು ಹೊತ್ತು ಹಿಡಿದರೆ ಮೈಯೇ ಅದುರಲು ಶುರುವಾಗುತ್ತದೆ, ನಿಧಾನವಾಗಿ ಉಸಿರಾಡುವುದೇ ಲೇಸು. '60 ಫ್ರೇಮ್ ಇಟ್ಟರೆ ಅಲ್ಲಾಡಲ್ಲ' ಎನ್ನುವುದೂ ತಪ್ಪು ತಿಳಿವಳಿಕೆ. ಚಲನೆ ನುಣುಪಾಗಿ ಕಾಣುತ್ತದೆ, ಅಲುಗಾಟವೂ ಅಷ್ಟೇ ನುಣುಪಾಗಿ ಕಾಣುತ್ತದೆ.

ಟ್ರೈಪಾಡ್ ಇದ್ದರೆ ಎಲ್ಲ ಸರಿ ಎಂದೂ ಅಲ್ಲ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವುದನ್ನು ತೆಗೆಯಲು ಹೋಗಿ, ಜಾಗವಿಲ್ಲವೆಂದು ಲೇತ್ ಯಂತ್ರ ಕೂರಿಸಿದ ಹಲಗೆಯ ಮೇಲೇ ಟ್ರೈಪಾಡ್ ಇಟ್ಟೆ. ಬೊಂಬೆ, ಕೈ, ಗೋಡೆಯ ಕ್ಯಾಲೆಂಡರ್ ಎಲ್ಲವೂ ತುಳುಕುವ ಜೆಲ್ಲಿಯಂತೆ ಬಂದವು. ಫೋನಿನ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಕ್ಷಣದಲ್ಲಿ ಓದುವುದಿಲ್ಲ, ಮೇಲಿನಿಂದ ಕೆಳಗೆ ಸಾಲುಸಾಲಾಗಿ ಓದುತ್ತದೆ. ಓದುವಷ್ಟರಲ್ಲಿ ಯಂತ್ರ ಹಲಗೆಯನ್ನು ಹಲವು ಸಲ ಅದುರಿಸಿರುತ್ತದೆ, ಒಂದೊಂದು ಸಾಲೂ ಒಂದೊಂದು ಕಡೆ ಬೀಳುತ್ತದೆ. ಟ್ರೈಪಾಡನ್ನು ನೆಲಕ್ಕೆ ಇಳಿಸಿದ ಮೇಲೆ ಸರಿಹೋಯಿತು. ಟ್ರೈಪಾಡಿನ ಮೇಲಿದ್ದಾಗ ಫೋನಿನ ಸ್ಟೆಬಿಲೈಸೇಷನ್ ಆರಿಸುವುದು ಒಳ್ಳೆಯದು, ಇಲ್ಲದಿದ್ದರೆ ಕ್ಯಾಮೆರಾ ತಿರುಗಿಸುವಾಗ ಅದು ನಿಮ್ಮ ಚಲನೆಯನ್ನೇ ತಪ್ಪು ಎಂದುಕೊಂಡು ಎಳೆದಾಡುತ್ತದೆ.

ಬೈಕಿನ ವಿಷಯವನ್ನೂ ಹೇಳಬೇಕು. ವಾರಾಂತ್ಯದಲ್ಲಿ ಕನಕಪುರ ರಸ್ತೆ ಹಿಡಿಯುವವರಲ್ಲಿ ಎಷ್ಟೋ ಜನ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿ ದಾರಿಯುದ್ದಕ್ಕೂ ಚಿತ್ರಿಸುತ್ತಾರೆ. ದೊಡ್ಡ ಎಂಜಿನ್ನಿನ ಬೈಕುಗಳ ಕಂಪನ ಓಐಎಸ್ ಇರುವ ಕ್ಯಾಮೆರಾವನ್ನೇ ಕೆಡಿಸಬಹುದು ಎಂದು 2021ರಲ್ಲಿ ಆಪಲ್ ಕಂಪನಿ ತನ್ನ ಐಫೋನ್ ಬಳಕೆದಾರರನ್ನು ಎಚ್ಚರಿಸಿತ್ತು. ಸ್ಕೂಟರ್, ಮೊಪೆಡ್‌ಗಳಲ್ಲೂ ಕಂಪನ ತಡೆಯುವ ಹಿಡಿಕೆ ಬಳಸಿ ಎಂದಿತ್ತು. ತೇಲುವ ಮಸೂರಕ್ಕೆ ಸಣ್ಣ ನಡುಕ ಸರಿಪಡಿಸಲು ಬರುತ್ತದೆ, ಗಂಟೆಗಟ್ಟಲೆ ಗುದ್ದು ತಿನ್ನಲು ಬರುವುದಿಲ್ಲ.

ಕನಕಪುರದಾಚೆ ಸಂಗಮ, ಮೇಕೆದಾಟುವಿನಲ್ಲಿ, ಮಾಗಡಿಯ ಸಾವನದುರ್ಗದ ಬಂಡೆಯ ಮೇಲೆ ಹಿಂದಕ್ಕೆ ನಡೆಯುತ್ತ ಚಿತ್ರಿಸಬೇಡಿ. ಗಿಂಬಲ್ ಹಿಡಿದ ಕೈ ಬಂಡೆ ಹಿಡಿಯಲು ಸಿಗುವುದಿಲ್ಲ, ತೆರೆ ನೋಡುವ ಕಣ್ಣಿಗೆ ಪಾಚಿ ಕಾಣುವುದಿಲ್ಲ. ಕೂತು ತೆಗೆದ ಚಿತ್ರ ಹೇಗೂ ಕಡಿಮೆ ಅಲ್ಲಾಡುತ್ತದೆ.

ಹಳೆಯ ವಿಡಿಯೊ ಇದ್ದರೆ

ನಿಮ್ಮ ಬಳಿ ಈಗಾಗಲೇ ಅಲ್ಲಾಡಿದ, ಆದರೆ ಬಿಸಾಡಲಾಗದ ವಿಡಿಯೊ ಇದೆಯೇ? ವಾಟ್ಸ್ಆ್ಯಪ್‌ನಲ್ಲಿ ಬಂದ ಪ್ರತಿಯ ಮೇಲೆ ಕೆಲಸ ಮಾಡಬೇಡಿ. ಅದು ಕುಗ್ಗಿ ವಿವರ ಕಳೆದುಕೊಂಡಿರುತ್ತದೆ, ತೆಗೆದವರಿಂದ ಮೂಲ ಕಡತವನ್ನೇ ಡಾಕ್ಯುಮೆಂಟ್ ಆಗಿ ಕಳಿಸಿಕೊಳ್ಳಿ. ಇಡೀ ವಿಡಿಯೊಗೆ ಒಂದೇ ಸಲ ಸ್ಟೆಬಿಲೈಸ್ ಒತ್ತುವ ಬದಲು ತುಂಡು ಮಾಡಿ, ಮಸುಕಾಗದ ತುಂಡುಗಳನ್ನಷ್ಟೇ ಆರಿಸಿ. ಸಾಫ್ಟ್‌ವೇರಿನಲ್ಲಿ ಸೌಲಭ್ಯವಿದ್ದರೆ ಕುಣಿಯುವವರನ್ನು ಬಿಟ್ಟು ಹಿಂದಿನ ಗೋಡೆ, ಕಂಬದ ಮೇಲೆ ಗುರುತು ಇಡಿ. ಪ್ರಮಾಣವನ್ನು ನೂರಕ್ಕೆ ಏರಿಸಬೇಡಿ, ಸ್ವಲ್ಪ ಅಲುಗಾಟ ಉಳಿದರೆ ನಷ್ಟವಿಲ್ಲ. ಮೂಲ ಕಡತವನ್ನು ಅಳಿಸಬೇಡಿ.

ತಾತನ ಹತ್ತು ನಿಮಿಷದಲ್ಲಿ ನನಗೆ ಹೀಗೆ ಉಳಿದದ್ದು ನಲವತ್ತು ಸೆಕೆಂಡ್. ಗುಡಿಯ ಮುಂದೆ ಹ್ಯಾಲೊಜೆನ್ ದೀಪ ಕಟ್ಟಿದ್ದರು. ತಮಟೆಯವರು ತಮಟೆ ಕಾಯಿಸಿಕೊಳ್ಳಲು ನಿಲ್ಲಿಸಿದರು, ತಾತ ಪೂಜೆ ಹೊತ್ತೇ ನಿಂತು ಸುಧಾರಿಸಿಕೊಂಡರು. ಸುಸ್ತಾಗಿ ನಾನೂ ಜಗಲಿಯ ಕಂಬಕ್ಕೆ ಒರಗಿದ್ದೆ, ಫೋನ್ ಚಾಲೂ ಇತ್ತು.